ಜೈನ ಮದುವೆಗೆ ವಿದೇಶಿ ಅತಿಥಿಗಳು: ಮನೆಯವರು ಮೊದಲೇ ತಿಳಿಸಬೇಕಾದ ಸಂಗತಿಗಳು

ಚಾತುರ್ಮಾಸ ತೀರಿ, ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿದೊಡನೆ ನಮ್ಮ ಸಮಾಜದಲ್ಲಿ ಮದುವೆಗಳ ಕಾಲ ಆರಂಭವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೂಡುಬಿದಿರೆ, ಕಾರ್ಕಳ, ಹಾಸನ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಎಂದು ಎಲ್ಲಿ ನೋಡಿದರೂ ಮದುವೆ ಮಂಟಪದ ಮುಂದಿನ ಸಾಲಿನಲ್ಲಿ ನಾಲ್ಕಾರು ವಿದೇಶಿ ಅತಿಥಿಗಳು ಕುಳಿತಿರುವುದು ಸಾಮಾನ್ಯವಾಗಿದೆ. ವಧುವಿನ ಸಹಪಾಠಿಗಳು, ವರನ ಸಹೋದ್ಯೋಗಿಗಳು, ಹೊರದೇಶದಲ್ಲಿ ಮನೆ ಬಾಡಿಗೆಗೆ ಕೊಟ್ಟ ಹಿರಿಯ ದಂಪತಿ, ಹೀಗೆ ಯಾರೋ ಒಬ್ಬರು ಸಾವಿರಾರು ಮೈಲಿ ದಾಟಿ ಮದುವೆಗೆಂದೇ ಬಂದಿರುತ್ತಾರೆ.

ಅವರಿಗೆ ಪೇಟ ಸುತ್ತುತ್ತಾರೆ, ಹಾರ ಹಾಕುತ್ತಾರೆ, ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಉಪಚಾರದಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆದರೆ ವೇದಿಕೆಯ ಮೇಲೆ ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂಬುದನ್ನು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ. ಮೂರು ಗಂಟೆ ಕುಳಿತು, ಊಟ ಮಾಡಿ, ಬಣ್ಣಬಣ್ಣದ ಮದುವೆ ನೋಡಿದೆವೆಂದು ಹೊರಟುಹೋಗುತ್ತಾರೆ. ಮದುವೆಗೆ ಬಂದವರು ಪ್ರೇಕ್ಷಕರಲ್ಲ, ಸಾಕ್ಷಿಗಳು. ಸಾಕ್ಷಿಯಾದವರಿಗೆ ತಾವು ಯಾವುದಕ್ಕೆ ಸಾಕ್ಷಿ ಎಂಬುದು ತಿಳಿದಿರಬೇಕು. ಇದನ್ನು ತಿಳಿಸುವುದು ಕರೆದವರ ಕರ್ತವ್ಯ. ಮದುವೆಯ ದಿನ ಮನೆಯವರಿಗೆ ಪುರುಸೊತ್ತು ಇರುವುದಿಲ್ಲವಾದ್ದರಿಂದ ಹೇಳಬೇಕಾದ್ದನ್ನು ಕರೆಯೋಲೆಯ ಜೊತೆಗೇ ಹೇಳುವುದು ಉತ್ತಮ. ಏನು ಹೇಳಬೇಕು ಎಂಬುದರ ವಿವರ ಇಲ್ಲಿದೆ.

ಕರೆಯೋಲೆಯ ಮೇಲಿನ ಸ್ವಸ್ತಿಕ

ಮೊದಲು ವಿವರಿಸಬೇಕಾದ್ದು ಕರೆಯೋಲೆಯ ಮೇಲೆಯೇ ಇದೆ. ನಮಗೆ ಸ್ವಸ್ತಿಕವು ಮಂಗಲ ಚಿಹ್ನೆ. ಯುರೋಪಿನಿಂದ, ಅದರಲ್ಲೂ ಜರ್ಮನಿಯಿಂದ ಬರುವವರಿಗೆ, ಹಾಗೂ ಯಹೂದಿ ಮನೆತನದವರಿಗೆ ಅದೇ ಆಕಾರ ಕೋಟ್ಯಂತರ ಜನರ ಸಾವನ್ನು ನೆನಪಿಸುತ್ತದೆ. ಜರ್ಮನಿಯಲ್ಲಿ ನಾಜಿ ಚಿಹ್ನೆಯನ್ನು ಬಹಿರಂಗವಾಗಿ ಪ್ರದರ್ಶಿಸುವುದು ಕಾನೂನಿನಂತೆ ಅಪರಾಧ. ಅಂಥವರು ಮಂಟಪದ ಕಮಾನಿನ ಮೇಲೆ, ರಂಗೋಲಿಯಲ್ಲಿ, ಪೂಜೆಯ ತಟ್ಟೆಯಲ್ಲಿ ಸ್ವಸ್ತಿಕವನ್ನು ಕಂಡು ಬೆಚ್ಚಿದರೂ ಸಂಕೋಚದಿಂದ ಕೇಳದೆ ಉಳಿಯುತ್ತಾರೆ.

ಅವರು ಕೇಳುವ ಮೊದಲೇ ನಾವು ಹೇಳಬೇಕು. ಜೈನರಲ್ಲಿ ಸ್ವಸ್ತಿಕದ ನಾಲ್ಕು ತೋಳುಗಳು ದೇವ, ಮನುಷ್ಯ, ತಿರ್ಯಂಚ, ನಾರಕ ಎಂಬ ನಾಲ್ಕು ಗತಿಗಳನ್ನು ಸೂಚಿಸುತ್ತವೆ. ಜೀವವು ಕರ್ಮಕ್ಕೆ ತಕ್ಕಂತೆ ಈ ನಾಲ್ಕರಲ್ಲಿ ಸುತ್ತುತ್ತದೆ. ಮೇಲಿನ ಮೂರು ಚುಕ್ಕೆಗಳು ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ ಎಂಬ ರತ್ನತ್ರಯ. ಅದರ ಮೇಲಿನ ಅರ್ಧಚಂದ್ರ ಸಿದ್ಧಶಿಲೆ, ಅಂದರೆ ಮುಕ್ತಾತ್ಮರ ನೆಲೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿದ ಜೈನ ಲಾಂಛನದಲ್ಲಿ ಈ ಸ್ವಸ್ತಿಕದ ಕೆಳಗೆ ಅಭಯಹಸ್ತವೂ ಅದರ ನಡುವೆ ಅಹಿಂಸೆ ಎಂಬ ಪದವೂ ಇವೆ. ಹಿಂಸೆಯ ಗುರುತೆಂದು ಅವರು ಅಂಜುವ ಆಕಾರವು ಇಲ್ಲಿ ಅಹಿಂಸೆಯ ಜೊತೆಯಲ್ಲಿ ನಿಂತಿದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು ಕಳುಹಿಸಿದರೆ ಅತಿಥಿಯ ಮನಸ್ಸು ಹಗುರಾಗುತ್ತದೆ.

ಊಟ: ರಿಯಾಯಿತಿ ಬೇಡ, ವಿವರಣೆ ಬೇಕು

ವಿದೇಶಿ ಅತಿಥಿಗಳ ನೆಪದಲ್ಲಿ ಕೆಲವು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಪ್ರತ್ಯೇಕ ಕೌಂಟರ್ ಇಡುವುದು, ಮದುವೆಯ ಹಿಂದಿನ ರಾತ್ರಿ ರೆಸಾರ್ಟಿನಲ್ಲಿ ಮದ್ಯದ ಏರ್ಪಾಡು ಮಾಡುವುದು ಉಂಟು. ಅತಿಥಿಗೆ ಬೇಸರವಾಗಬಾರದೆಂಬುದು ಇದರ ಹಿಂದಿನ ಉದ್ದೇಶ. ಆದರೆ ಇದನ್ನು ಕೇಳಿದವರು ಹೆಚ್ಚಿನ ಸಲ ಅತಿಥಿಗಳಲ್ಲ. ಜೈನರ ಮನೆಯ ಮದುವೆಗೆಂದು ದೂರದಿಂದ ಬಂದವರು ಜೈನರ ಊಟವನ್ನೇ ಉಣ್ಣಲು ಸಿದ್ಧರಾಗಿ ಬಂದಿರುತ್ತಾರೆ. ಅವರಿಗೆ ಬೇಕಾಗಿರುವುದು ಕಾರಣ.

ಸಸ್ಯಾಹಾರ ಎಂದರೆ ಪಾಶ್ಚಾತ್ಯರಿಗೆ ಈಗ ಅರ್ಥವಾಗುತ್ತದೆ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಕೂಡ ಇಲ್ಲವೆಂದರೆ ಅಚ್ಚರಿಯಾಗುತ್ತದೆ. ಒಂದು ಮರದ ಹಣ್ಣನ್ನು ಕಿತ್ತರೆ ಮರ ಉಳಿಯುತ್ತದೆ, ಗೆಡ್ಡೆಯನ್ನು ಕಿತ್ತರೆ ಗಿಡವೇ ಸಾಯುತ್ತದೆ. ಜೊತೆಗೆ ಕಂದಮೂಲಗಳು ಅನಂತಕಾಯ, ಅಂದರೆ ಒಂದೇ ಶರೀರದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿಗೆ ಆಶ್ರಯವಾದವು ಎಂದು ಆಗಮಗಳು ಹೇಳುತ್ತವೆ. ಹಸಿ ಶುಂಠಿ ಬಳಸದವರು ಒಣ ಶುಂಠಿಯನ್ನು, ಹಸಿ ಅರಿಶಿನ ಬಳಸದವರು ಅರಿಶಿನ ಪುಡಿಯನ್ನು ಬಳಸುವುದೂ ಇದೇ ವಿಚಾರದಿಂದ. ಅಣಬೆ, ಮೊಟ್ಟೆ, ಜೇನುತುಪ್ಪ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದಿನ ವಿದೇಶಿ ಅತಿಥಿಗಳಲ್ಲಿ ಹಾಲು, ತುಪ್ಪವನ್ನೂ ಬಿಟ್ಟ ವೀಗನ್‌ಗಳು ಇರುತ್ತಾರೆ. ಅಹಿಂಸೆಯನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ಜೈನರ ಊಟ ತಮ್ಮ ನಿಯಮಕ್ಕೂ ಹೊಂದುತ್ತದೆಂದು ಅವರು ತಿಳಿದಿರುತ್ತಾರೆ. ನಮ್ಮ ಮದುವೆಯ ಅಡುಗೆಯಲ್ಲಿ ಹೋಳಿಗೆಗೆ ತುಪ್ಪ, ಪಾಯಸಕ್ಕೆ ಹಾಲು, ಕೊನೆಗೆ ಮಜ್ಜಿಗೆ ಇದ್ದೇ ಇರುತ್ತದೆ. ಅನ್ನ, ಸಾರು, ಕೋಸಂಬರಿ, ಪಲ್ಯಗಳಲ್ಲಿ ಯಾವುದಕ್ಕೆ ತುಪ್ಪ ಹಾಕಿಲ್ಲವೆಂದು ಅಡುಗೆಯವರಿಂದ ಕೇಳಿ ತಿಳಿಸಬೇಕು. ಗೋಡಂಬಿ, ಕಡಲೆಕಾಯಿ, ಹಾಲು, ಗೋಧಿಯ ಅಲರ್ಜಿ ಇದೆಯೇ ಎಂಬುದನ್ನು ತಿಂಗಳ ಮೊದಲೇ ಕೇಳಿಕೊಳ್ಳಬೇಕು. ಕಡಲೆಕಾಯಿಯ ಅಲರ್ಜಿ ಕೆಲವರಿಗೆ ಪ್ರಾಣಾಪಾಯ ತರುವಂಥದ್ದು. ನಮ್ಮ ಚಟ್ನಿ, ಪಲ್ಯ, ಚಿತ್ರಾನ್ನಗಳಲ್ಲಿ ಅದರ ಬಳಕೆ ಹೆಚ್ಚು.

ಎರಡನೆಯ ವಿಷಯ ಸಮಯ. ಸೂರ್ಯಾಸ್ತದ ನಂತರ ಊಟವಿಲ್ಲವೆಂಬ ಅನಸ್ತಮಿತ ನಿಯಮ ಅತಿಥಿಗೆ ಗೊತ್ತಿರುವುದಿಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರೂ ಇದ್ದಾರೆ. ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಸಂಜೆ ಸುಮಾರು 6 ಗಂಟೆಗೆ ಸೂರ್ಯ ಮುಳುಗುತ್ತಾನೆ. ಯುರೋಪಿನ ಹಲವು ದೇಶಗಳಲ್ಲಿ ರಾತ್ರಿ 8 ಗಂಟೆಗೆ ಉಣ್ಣುವವರು ಆ ಹೊತ್ತಿಗೆ ಛತ್ರಕ್ಕೆ ಬಂದರೆ ಅಡುಗೆಮನೆ ತೊಳೆದು ಬಾಗಿಲು ಹಾಕಿರುತ್ತದೆ. ಸಂಜೆಯ ಊಟ 5 ಗಂಟೆಗೆ ಎಂದು ಸ್ಪಷ್ಟವಾಗಿ ಬರೆದು, ರಾತ್ರಿ ಹಸಿವಾದರೆ ಅವರ ಕೋಣೆಯಲ್ಲಿ ಇರಲೆಂದು ಬಾಳೆಹಣ್ಣು, ಒಣಹಣ್ಣುಗಳನ್ನು ಹಗಲೇ ಕೊಟ್ಟಿಡಬಹುದು. ಅವರಿಗೆ ಈ ನಿಯಮ ಇಲ್ಲ. ನಮ್ಮ ನಿಯಮವನ್ನು ನಾವು ಪಾಲಿಸುತ್ತೇವೆ, ನಿಮ್ಮನ್ನು ಉಪವಾಸ ಇಡುವುದಿಲ್ಲ ಎಂದು ಹೇಳಿದರೆ ಸಾಕು.

ಪಂಕ್ತಿಯ ಊಟಕ್ಕೂ ಎರಡು ಮಾತು ಬೇಕು. ಬಡಿಸುವವರು ಮತ್ತೆ ಮತ್ತೆ ಬರುತ್ತಾರೆ. ಸಾಕು ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬೇಡವೆಂದರೆ ಯಾರಿಗೂ ಬೇಸರವಿಲ್ಲ, ಬಡಿಸಿಕೊಂಡು ಬಿಟ್ಟರೆ ಬೇಸರ. ಬಲಗೈಯಿಂದ ಉಣ್ಣುವುದು ರೂಢಿ, ಚಮಚ ಕೇಳಿದರೆ ತಪ್ಪಲ್ಲ. ಸಾಲಿನಲ್ಲಿರುವ ಎಲ್ಲರ ಊಟ ಮುಗಿದ ಮೇಲೆ ಒಟ್ಟಿಗೆ ಏಳುವುದು ಮರ್ಯಾದೆ.

ಉಡುಗೆ ಮತ್ತು ಉಡುಗೊರೆ

ಪಾಶ್ಚಾತ್ಯ ಮದುವೆಗಳಲ್ಲಿ ಬಿಳಿ ಬಣ್ಣ ವಧುವಿಗೆ ಮೀಸಲು. ನಮ್ಮಲ್ಲಿ ವಧುವಿಗೆಂದು ಮೀಸಲಾದ ಬಣ್ಣ ಅತಿಥಿಗಳಿಗೆ ನಿಷಿದ್ಧವೇನಲ್ಲ. ಕೆಂಪು, ಹಸಿರು, ಹಳದಿ ಯಾವುದನ್ನಾದರೂ ಉಡಬಹುದು. ಪೂರ್ತಿ ಕಪ್ಪು ಬಟ್ಟೆಯನ್ನು ಮಾತ್ರ ಹಿರಿಯರು ಇಷ್ಟಪಡುವುದಿಲ್ಲ. ಸೀರೆ ಉಡುವ ಆಸೆ ಇರುವವರಿಂದ ರವಿಕೆಯ ಅಳತೆಯನ್ನು ಮೊದಲೇ ತರಿಸಿಕೊಂಡು ಹೊಲಿಸಿಡಬೇಕು. ಉಡಿಸಲು ಮನೆಯ ಒಬ್ಬ ಅತ್ತಿಗೆಯನ್ನೋ ಚಿಕ್ಕಮ್ಮನನ್ನೋ ಗೊತ್ತುಮಾಡಬೇಕು. ಗಂಡಸರಿಗೆ ಪಂಚೆಗಿಂತ ಜುಬ್ಬಾ ಪೈಜಾಮ ಸುಲಭ. ಹೆಗಲು, ಮೊಣಕಾಲು ಮುಚ್ಚುವ ಅವರದೇ ಉಡುಗೆಯಾದರೂ ಯಾವ ಅಡ್ಡಿಯೂ ಇಲ್ಲ. ಕೆಳಗೆ ಚಾಪೆಯ ಮೇಲೆ ಕೂರುವ ಸಂದರ್ಭ ಇದ್ದರೆ ಅದನ್ನೂ ಹೇಳಬೇಕು. ಮಂಡಿ ನೋವಿನವರಿಗೆ ಕುರ್ಚಿ ಹಾಕಿಸಬೇಕು.

ಚಪ್ಪಲಿ, ಬೂಟುಗಳನ್ನು ಮಂಟಪದ ಹೊರಗೆ ಬಿಡಬೇಕು ಎನ್ನುವುದರ ಜೊತೆಗೆ, ಬಸದಿಯ ಒಳಗೆ ಚರ್ಮದ ಬೆಲ್ಟು, ಚರ್ಮದ ಕೈಚೀಲ ಒಯ್ಯುವಂತಿಲ್ಲ ಎಂಬುದನ್ನೂ ತಿಳಿಸಬೇಕು. ಇದು ಗೊತ್ತಿದ್ದರೆ ಅವರು ಬಟ್ಟೆಯ ಚೀಲವನ್ನೇ ತರುತ್ತಾರೆ.

ಉಡುಗೊರೆಯ ವಿಷಯದಲ್ಲಿ ಮುಜುಗರವಾಗುವುದು ಹೆಚ್ಚು. ಅವರ ನಾಡಿನಲ್ಲಿ ಮನೆಗೆ ಹೋಗುವಾಗ ವೈನ್ ಬಾಟಲಿ ಒಯ್ಯುವುದು ಸೌಜನ್ಯ. ಚರ್ಮದ ಪರ್ಸು ಬೆಲೆಬಾಳುವ ಕಾಣಿಕೆ. ಮಿಠಾಯಿಗಳಲ್ಲಿ ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಕೆಲವು ಚಾಕೊಲೇಟುಗಳೊಳಗೆ ಮದ್ಯ ಇರುತ್ತದೆ. ಯುರೋಪಿನ ಹಲವು ಸಾಂಪ್ರದಾಯಿಕ ಚೀಸುಗಳನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಪ್ರೀತಿಯಿಂದ ತಂದದ್ದನ್ನು ಮನೆಯವರು ಬಳಸಲಾಗದೆ ಮೂಲೆಯಲ್ಲಿ ಇಡುವುದಕ್ಕಿಂತ ಮೊದಲೇ ಹೇಳುವುದು ಇಬ್ಬರಿಗೂ ಕ್ಷೇಮ. ರೇಷ್ಮೆಯ ವಿಷಯದಲ್ಲಿ ನಮ್ಮಲ್ಲೇ ಒಂದು ಅಭಿಪ್ರಾಯ ಇಲ್ಲ. ಮದುವೆಗೆ ರೇಷ್ಮೆ ಸೀರೆಯನ್ನೇ ಉಡುವ ಮನೆಗಳೂ ಇವೆ, ಹುಳುವಿನ ಹಿಂಸೆಯ ಕಾರಣ ಅದನ್ನು ಬಿಟ್ಟವರೂ ಇದ್ದಾರೆ. ತಮ್ಮ ಮನೆಯ ಪದ್ಧತಿ ಏನೆಂದು ಹೇಳಿದರಾಯಿತು.

ಏನು ಕೊಡಬೇಕೆಂದು ಅವರು ಕೇಳಿದರೆ ಅವರ ಊರಿನ ಪುಸ್ತಕ, ಚಿತ್ರ, ಗಾಜಿನ ಅಥವಾ ಮರದ ಸಾಮಾನು ಯಾವುದಾದರೂ ಆದೀತು. ಮುಯ್ಯಿ ಕೊಡುವುದಾದರೆ 501, 1001 ಎಂದು ಒಂದು ರೂಪಾಯಿ ಸೇರಿಸಿ ಕೊಡುವ ವಾಡಿಕೆಯನ್ನು ವಿವರಿಸಬಹುದು. ಆಶೀರ್ವಾದವೇ ಉಡುಗೊರೆ ಎಂದು ಕರೆಯೋಲೆಯಲ್ಲಿ ಅಚ್ಚಾಗಿದ್ದರೆ ಅದರ ಅರ್ಥವನ್ನು ಅವರಿಗೆ ಅನುವಾದಿಸಿ ಹೇಳಬೇಕು.

ವಿಧಿಗಳು: ಯಾವುದು, ಯಾಕೆ

ಮದುವೆಯ ಕ್ರಮ ಊರಿನಿಂದ ಊರಿಗೆ ಬೇರೆ. ತುಳುನಾಡಿನ ಬಸದಿಗಳ ಇಂದ್ರರು ನಡೆಸುವ ರೀತಿಗೂ ಬೆಳಗಾವಿ ಕಡೆಯ ಉಪಾಧ್ಯೆಯವರು ನಡೆಸುವ ರೀತಿಗೂ ವ್ಯತ್ಯಾಸ ಇದೆ. ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ಬಂಧುಗಳ ಪದ್ಧತಿ ಇನ್ನೂ ಬೇರೆ; ಗುಜರಾತಿ ಮನೆಗಳಲ್ಲಿ ಅಗ್ನಿಗೆ ನಾಲ್ಕು ಸುತ್ತು ಬರುವ ರೂಢಿ ಇದೆ. ಕರ್ನಾಟಕದ ದಿಗಂಬರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮುಖ್ಯ ಘಟ್ಟಗಳು ಇವು.

ಮದುವೆಯು ಜೈನರಿಗೆ ಒಂದು ಸಂಸ್ಕಾರ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು ಎಂಬ 53 ಕ್ರಿಯೆಗಳ ಪಟ್ಟಿ ಇದೆ. ಗರ್ಭಾಧಾನದಿಂದ ಆರಂಭವಾಗಿ ನಿರ್ವಾಣದಲ್ಲಿ ಮುಗಿಯುವ ಆ ಪಟ್ಟಿಯಲ್ಲಿ ವಿವಾಹ 17ನೆಯದು. ಅಂದರೆ ಮದುವೆ ಜೀವನದ ಗುರಿಯೂ ಅಲ್ಲ, ಗುರಿಗೆ ಅಡ್ಡಿಯೂ ಅಲ್ಲ. ದಾರಿಯಲ್ಲಿ ಬರುವ ಒಂದು ಮೆಟ್ಟಿಲು. ಆದಿ ತೀರ್ಥಂಕರ ವೃಷಭನಾಥರೇ ಯಶಸ್ವತಿ, ಸುನಂದೆಯರನ್ನು ವಿವಾಹವಾಗಿ ಗೃಹಸ್ಥಧರ್ಮವನ್ನು ನಡೆಸಿ ಆಮೇಲೆ ದೀಕ್ಷೆ ಪಡೆದರೆಂಬ ಕಥೆಯನ್ನು ಅತಿಥಿಗೆ ಹೇಳಿದರೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ.

ಆರಂಭದಲ್ಲಿ ಪಂಚ ನಮಸ್ಕಾರ ಮಂತ್ರದ ಪಠಣ ಮತ್ತು ಯಂತ್ರಪೂಜೆ ನಡೆಯುತ್ತವೆ. ಪಂಚ ನಮಸ್ಕಾರದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ, ಯಾವ ಬೇಡಿಕೆಯೂ ಇಲ್ಲ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐದು ಪದವಿಗಳಿಗೆ ನಮಸ್ಕಾರ ಮಾತ್ರ ಇದೆ ಎಂಬುದು ಅನ್ಯಧರ್ಮೀಯರಿಗೆ ಹೊಸ ಸಂಗತಿ. ಎಲ್ಲರೂ ಎದ್ದು ನಿಂತಾಗ ಅವರೂ ನಿಂತರೆ ಸಾಕು.

ನಂತರ ವಧುವರರ ನಡುವೆ ಅಂತರಪಟ ಹಿಡಿಯುತ್ತಾರೆ. ಮಂಗಲಾಷ್ಟಕ ಹೇಳಿ ಮುಗಿಯುವಾಗ ಪಟ ಸರಿಯುತ್ತದೆ, ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಬೀಳುತ್ತದೆ. ಕೈಯಲ್ಲಿ ಅಕ್ಕಿ ಕಾಳು ಕೊಟ್ಟಾಗ ಏನು ಮಾಡಬೇಕೆಂದು ತಿಳಿಯದೆ ಅದನ್ನು ಬಾಯಿಗೆ ಹಾಕಿಕೊಂಡ ಅತಿಥಿಗಳೂ ಇರಬಹುದು. ಅಕ್ಷತೆ ಎಂದರೆ ಮುರಿಯದ ಅಕ್ಕಿ. ಹೊಟ್ಟು ಹೋದ ಅಕ್ಕಿ ಮತ್ತೆ ಮೊಳೆಯುವುದಿಲ್ಲ. ಹಾಗೆಯೇ ಕರ್ಮದ ಹೊಟ್ಟು ಕಳಚಿದ ಜೀವಕ್ಕೆ ಮತ್ತೆ ಹುಟ್ಟಿಲ್ಲ. ಜಿನಪೂಜೆಯಲ್ಲಿ ಅಕ್ಷಯಪದವನ್ನು ಬಯಸಿ ಅಕ್ಷತೆ ಅರ್ಪಿಸುವುದರ ತಾತ್ಪರ್ಯವೂ ಇದೇ. ದೂರದಿಂದ ಬೀಸಿ ಎಸೆಯದೆ ಸರದಿಯಲ್ಲಿ ಹೋಗಿ ವಧುವರರ ತಲೆಯ ಮೇಲೆ ಇಡುವುದು ಸೊಗಸು. ಕಾಲಡಿಗೆ ಸಿಕ್ಕಿ ಧಾನ್ಯ ಹಾಳಾಗುವುದೂ ತಪ್ಪುತ್ತದೆ.

ಧಾರೆಯಲ್ಲಿ ವಧುವಿನ ತಂದೆತಾಯಿ ಅವಳ ಕೈಯನ್ನು ವರನ ಕೈಯಲ್ಲಿಟ್ಟು ನೀರೆರೆಯುತ್ತಾರೆ. ಮಗಳನ್ನು ವಸ್ತುವಿನಂತೆ ದಾನ ಮಾಡುವುದೇ ಎಂದು ಅತಿಥಿ ಕೇಳಿದರೆ ಕೋಪಿಸಿಕೊಳ್ಳಬೇಕಾಗಿಲ್ಲ. ಈ ಪ್ರಶ್ನೆಯನ್ನು ನಮ್ಮ ಹೆಣ್ಣುಮಕ್ಕಳೂ ಈಗ ಕೇಳುತ್ತಿದ್ದಾರೆ. ಧರ್ಮ, ಅರ್ಥ, ಕಾಮಗಳಲ್ಲಿ ಅವಳನ್ನು ಬಿಟ್ಟು ನಡೆಯಬಾರದೆಂಬ ಹೊಣೆಯನ್ನು ಎಲ್ಲರ ಎದುರು ವರನ ಮೇಲೆ ಹೊರಿಸುವ ವಿಧಿ ಇದು ಎಂದು ಉತ್ತರಿಸಬಹುದು. ಆ ಉತ್ತರ ನಿಜವಾಗುವುದು ಮುಂದಿನ ನಡತೆಯಲ್ಲಿ.

ಹೋಮದ ಅಗ್ನಿಯನ್ನು ಕಂಡವರು ಜೈನರೂ ಅಗ್ನಿಯನ್ನು ದೇವರೆಂದು ಪೂಜಿಸುತ್ತಾರೆಯೇ ಎಂದು ಕೇಳುತ್ತಾರೆ. ಜಿನಸೇನಾಚಾರ್ಯರ ವಿವರಣೆ ಇದಕ್ಕೆ ಸ್ಪಷ್ಟ ಉತ್ತರ. ಅಗ್ನಿಗೆ ತನ್ನಷ್ಟಕ್ಕೆ ದೈವತ್ವವಾಗಲೀ ಪಾವಿತ್ರ್ಯವಾಗಲೀ ಇಲ್ಲ. ಅರ್ಹಂತರ ಪೂಜೆಯ ಸಂಬಂಧದಿಂದ ಅದು ಪವಿತ್ರ. ತೀರ್ಥಂಕರರು, ಗಣಧರರು, ಸಾಮಾನ್ಯ ಕೇವಲಿಗಳು, ಈ ಮೂವರ ನಿರ್ವಾಣದ ಸಂದರ್ಭಕ್ಕೆ ಮೂರು ಅಗ್ನಿಗಳನ್ನು ಅವರು ಸಂಬಂಧಿಸುತ್ತಾರೆ. ನಿರ್ಮಾಣದ ಹೊತ್ತಿನ ಬೆಂಕಿಯಲ್ಲಿ ನಿರ್ವಾಣದ ನೆನಪು ಇದೆ ಎಂಬುದು ಇದರ ಸಾರ.

ಸಪ್ತಪದಿಯ ಏಳು ಹೆಸರುಗಳು

ಅತಿಥಿಗೆ ಒಂದೇ ಒಂದು ವಿಧಿಯನ್ನು ವಿವರಿಸಲು ಸಮಯ ಇದ್ದರೆ ಸಪ್ತಪದಿಯನ್ನು ವಿವರಿಸಬೇಕು. ಭಾರತದ ಮದುವೆಗಳಲ್ಲಿ ಏಳು ಹೆಜ್ಜೆ ಎಂಬುದನ್ನು ಅವರು ಸಿನಿಮಾಗಳಲ್ಲಿ ನೋಡಿರುತ್ತಾರೆ. ಅನ್ನ, ಬಲ, ಸಂಪತ್ತು, ಸಂತಾನ ಮುಂತಾದವನ್ನು ಹಾರೈಸುವ ಹೆಜ್ಜೆಗಳೆಂದು ಓದಿರುತ್ತಾರೆ. ದಿಗಂಬರ ಜೈನ ವಿವಾಹವಿಧಿಯಲ್ಲಿ ಏಳು ಸುತ್ತುಗಳಿಗೆ ಏಳು ಪರಮಸ್ಥಾನಗಳ ಹೆಸರಿದೆ.

ಮೊದಲನೆಯದು ಸಜ್ಜಾತಿ, ಅಂದರೆ ಒಳ್ಳೆಯ ಸಂಸ್ಕಾರಕ್ಕೆ ಅವಕಾಶವಾಗುವ ಜನ್ಮ. ಎರಡನೆಯದು ಸದ್ಗೃಹಸ್ಥತ್ವ, ನೀತಿಯಿಂದ ಮನೆ ನಡೆಸುವುದು. ಮೂರನೆಯದು ಪಾರಿವ್ರಾಜ್ಯ, ಮನೆಯನ್ನು ಬಿಟ್ಟು ದೀಕ್ಷೆ ಪಡೆಯುವುದು. ನಾಲ್ಕನೆಯದು ಸುರೇಂದ್ರತ್ವ, ತಪಸ್ಸಿನ ಫಲವಾದ ಇಂದ್ರಪದವಿ. ಐದನೆಯದು ಸಾಮ್ರಾಜ್ಯ, ಚಕ್ರವರ್ತಿಯ ಪದವಿ. ಆರನೆಯದು ಆರ್ಹಂತ್ಯ, ಕೇವಲಜ್ಞಾನ ಪಡೆದ ಅರ್ಹಂತರ ಸ್ಥಿತಿ. ಏಳನೆಯದು ಪರಿನಿರ್ವಾಣ, ಮುಕ್ತಿ.

ಹೊಸದಾಗಿ ಕೈಹಿಡಿದ ಗಂಡ ಹೆಂಡತಿ ಮೂರನೆಯ ಸುತ್ತಿನಲ್ಲಿಯೇ ತ್ಯಾಗದ ಹೆಸರನ್ನು ಕೇಳುತ್ತಾರೆ. ಲೋಕದ ಅತಿ ದೊಡ್ಡ ಸುಖಗಳಾದ ಇಂದ್ರಪದವಿ, ಚಕ್ರವರ್ತಿ ಪದವಿಗಳು ದಾರಿಯ ನಡುವೆ ಬಂದುಹೋಗುತ್ತವೆ. ಕೊನೆಯ ಹೆಜ್ಜೆ ಇಡುವುದು ಮೋಕ್ಷದ ಕಡೆಗೆ. ಪರಸ್ಪರ ಹಿಡಿದ ಕೈ ಒಬ್ಬರನ್ನೊಬ್ಬರು ಕಟ್ಟಿಹಾಕಲು ಅಲ್ಲ, ದಾರಿಯಲ್ಲಿ ಇಬ್ಬರೂ ಮುಂದೆ ಹೋಗಲು ಎಂಬ ಮಾತನ್ನು ಈ ಏಳು ಹೆಸರುಗಳೇ ಹೇಳುತ್ತವೆ. ಬೇರೆ ಧರ್ಮದವರಿಗೆ ಜೈನ ಮದುವೆಯ ವೈಶಿಷ್ಟ್ಯ ಏನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪುರೋಹಿತರು ಈ ಹೆಸರುಗಳನ್ನು ಹೇಳುವಾಗ ವಾದ್ಯದ ಸದ್ದು, ಫೋಟೋದವರ ಗದ್ದಲದಲ್ಲಿ ಅವು ನಮ್ಮ ಕಿವಿಗೂ ಬೀಳದೆ ಹೋಗುತ್ತವೆ. ಅತಿಥಿಗೆ ಹೇಳಲೆಂದು ಮನೆಯವರು ಇವನ್ನು ಒಮ್ಮೆ ಓದಿಕೊಂಡರೆ, ಮದುವೆಯಾಗುವ ಜೋಡಿಗೂ ತಾವು ಯಾವ ಹೆಜ್ಜೆ ಇಡುತ್ತಿದ್ದೇವೆಂದು ತಿಳಿಯುತ್ತದೆ.

ಯಾವ ಕ್ಷಣದಲ್ಲಿ ಇವರು ಗಂಡ ಹೆಂಡತಿ ಆದರು, ಸಹಿ ಯಾವಾಗ ಎಂಬುದು ವಿದೇಶಿಯರ ಇನ್ನೊಂದು ಪ್ರಶ್ನೆ. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಸಪ್ತಪದಿ ಇರುವ ಪದ್ಧತಿಗಳಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ವಿವಾಹ ಪೂರ್ಣವಾಗುತ್ತದೆ ಎಂದು ಅದರ 7ನೆಯ ಕಲಂ ಹೇಳುತ್ತದೆ. ನೋಂದಣಿ ಕಚೇರಿಯಲ್ಲಿ ಸಹಿ ಹಾಕುವುದು ಆಮೇಲಿನ ಕೆಲಸ.

ಗದ್ದಲ, ಅಳು ಮತ್ತು ಫೋಟೋ

ಚರ್ಚಿನ ಮದುವೆಯಲ್ಲಿ ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ನಮ್ಮಲ್ಲಿ ವೇದಿಕೆಯಲ್ಲಿ ಮಂತ್ರ ನಡೆಯುವಾಗ ಕೆಳಗೆ ಬಂಧುಗಳ ಮಾತುಕತೆ, ಮಕ್ಕಳ ಓಟ ಇರುತ್ತದೆ. ಇದು ಅಗೌರವವಲ್ಲ, ಹತ್ತಾರು ವರ್ಷ ಭೇಟಿಯಾಗದ ನೆಂಟರು ಸೇರುವ ಜಾಗ ಇದು ಎಂದು ಹೇಳಬೇಕು. ಹಾಗೆಯೇ ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ವಧುವಿನ ತಾಯಿ, ಅಕ್ಕತಂಗಿಯರು ಅಳುವುದನ್ನು ಕಂಡು ಏನೋ ಅನಾಹುತವಾಯಿತೆಂದು ಅತಿಥಿಗಳು ಗಾಬರಿಯಾಗುತ್ತಾರೆ. ಆ ಹೊತ್ತಿನಲ್ಲಿ ಹತ್ತಿರ ಹೋಗಿ ಕ್ಯಾಮೆರಾ ಹಿಡಿಯದಂತೆ ಮೊದಲೇ ಸೂಚಿಸುವುದು ಒಳ್ಳೆಯದು.

ಹಿರಿಯರನ್ನು ಕಂಡಾಗ ಕೈಕುಲುಕುವುದು, ಅಪ್ಪಿಕೊಳ್ಳುವುದಕ್ಕಿಂತ ಕೈಮುಗಿದು ಜೈ ಜಿನೇಂದ್ರ ಎಂದರೆ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. ಈ ಎರಡು ಪದಗಳನ್ನು ಅವರಿಗೆ ಕಲಿಸಲು ಒಂದು ನಿಮಿಷ ಸಾಕು.

ಬಸದಿ ಮತ್ತು ಮುನಿಗಳ ದರ್ಶನ

ಮದುವೆಯ ಮರುದಿನ ಅತಿಥಿಗಳನ್ನು ಸಮೀಪದ ಕ್ಷೇತ್ರಗಳಿಗೆ ಕರೆದೊಯ್ಯುವುದು ವಾಡಿಕೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು 600ಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಬರಿಗಾಲಲ್ಲಿ ಹತ್ತಬೇಕು. ಮಧ್ಯಾಹ್ನ ಬಂಡೆ ಕಾಯುತ್ತದೆ. ಬರಿಗಾಲಿನ ಅಭ್ಯಾಸ ಇಲ್ಲದವರನ್ನು ಬೆಳಗ್ಗೆ ಬೇಗ ಕರೆದೊಯ್ಯಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಬಾಹುಬಲಿ ಮೂರ್ತಿ ಕರಾವಳಿಯ ಮದುವೆಗೆ ಬಂದವರಿಗೆ ಹತ್ತಿರ. ಅನೇಕ ಬಸದಿಗಳಲ್ಲಿ ಗರ್ಭಗೃಹದ ಫೋಟೋ ತೆಗೆಯುವಂತಿಲ್ಲ, ಕೇಳಿಯೇ ಕ್ಯಾಮೆರಾ ತೆಗೆಯಬೇಕು.

ಕ್ಷೇತ್ರದಲ್ಲಿ ದಿಗಂಬರ ಮುನಿಗಳು ಇದ್ದರೆ ಅತಿಥಿಗಳಿಗೆ ಮುಂಚಿತವಾಗಿ ತಿಳಿಸುವುದು ಕಡ್ಡಾಯ. ವಸ್ತ್ರವಿಲ್ಲದ ಸಾಧುವನ್ನು ಏಕಾಏಕಿ ಕಂಡರೆ ಅವರು ಮುಜುಗರಪಡಬಹುದು, ನಕ್ಕುಬಿಡಲೂಬಹುದು. ಅದರಿಂದ ನೋವಾಗುವುದು ಇಬ್ಬರಿಗೂ. ದಿಗಂಬರತ್ವವು ಅಪರಿಗ್ರಹದ ತುದಿ. ಪಿಂಛಿ ಮತ್ತು ಕಮಂಡಲುಗಳ ಹೊರತು ಮುನಿಗಳ ಬಳಿ ಇರುವುದು ಶಾಸ್ತ್ರಗ್ರಂಥಗಳು ಮಾತ್ರ. ಪಿಂಛಿಯ ಮೃದುವಾದ ಗರಿಗಳಿಂದ ಕೂರುವ ಜಾಗದ ಸಣ್ಣ ಜೀವಿಗಳನ್ನು ನೋವಾಗದಂತೆ ಸರಿಸುತ್ತಾರೆ. ಅವರನ್ನು ಮುಟ್ಟಬಾರದು, ಸ್ತ್ರೀಯರು ಸ್ವಲ್ಪ ದೂರದಿಂದ ನಮಸ್ಕರಿಸಬೇಕು, ಅನುಮತಿ ಇಲ್ಲದೆ ಫೋಟೋ ತೆಗೆಯಬಾರದು. ಇಷ್ಟು ತಿಳಿದು ಹೋದವರು ಮದುವೆಯ ವೈಭವಕ್ಕಿಂತ ಈ ದರ್ಶನವನ್ನೇ ಹೆಚ್ಚು ನೆನಪಿಡುತ್ತಾರೆ. ಮೂರನೆಯ ಸುತ್ತಿನಲ್ಲಿ ಹೆಸರು ಕೇಳಿದ ಪಾರಿವ್ರಾಜ್ಯ ಅವರ ಕಣ್ಣೆದುರು ಕುಳಿತಿರುತ್ತದೆ.

ಕಾಗದ ಪತ್ರಗಳು

ಮದುವೆಗೆ ಬರುವವರಿಗೆ ಪ್ರವಾಸಿ ವೀಸಾ ಸಾಕಾಗುತ್ತದೆ. ಸ್ನೇಹಿತರ, ಬಂಧುಗಳ ಭೇಟಿಯೂ ಅದರಲ್ಲಿ ಸೇರಿದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಅತಿಥೇಯರಿಗೆ ಸಂಬಂಧಿಸಿದ್ದು. ವಿದೇಶಿಯರಿಗೆ ವಸತಿ ಕೊಟ್ಟವರು ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು. ಹಿಂದೆ ಫಾರ್ಮ್ ಸಿ ಎಂದು ಹೆಸರಾಗಿದ್ದ ಈ ಕ್ರಮವನ್ನು ಹೋಟೆಲಿನವರು ತಾವೇ ಮಾಡುತ್ತಾರೆ. ಮನೆಯಲ್ಲಿ ಉಳಿಸಿಕೊಂಡರೆ ಹೊಣೆ ಮನೆಯವರದು. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಮೊದಲೇ ತರಿಸಿಕೊಂಡರೆ ಮದುವೆಯ ಗಡಿಬಿಡಿಯಲ್ಲಿ ಇದು ಮರೆತುಹೋಗುವುದಿಲ್ಲ.

ಒಬ್ಬರನ್ನು ಜೊತೆಗೆ ಕೂರಿಸಿ

ಎಷ್ಟೇ ಬರೆದು ಕಳುಹಿಸಿದರೂ ಮಂಟಪದಲ್ಲಿ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಅದಕ್ಕೆ ಮನೆಯ ಒಬ್ಬರನ್ನು, ವಿಶೇಷವಾಗಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು, ಅತಿಥಿಗಳ ಪಕ್ಕದಲ್ಲಿ ಕೂರಿಸುವುದೇ ಸರಿಯಾದ ಉಪಾಯ. ಆ ಕೆಲಸಕ್ಕೆ ನೇಮಕವಾದವರು ಮದುವೆಗೆ ಒಂದು ವಾರ ಮೊದಲು ಪುರೋಹಿತರ ಬಳಿ ಹೋಗಿ ವಿಧಿಗಳ ಕ್ರಮವನ್ನೂ ಅರ್ಥವನ್ನೂ ಬರೆದುಕೊಂಡು ಬರಬೇಕು. ಗೊತ್ತಿಲ್ಲದ್ದಕ್ಕೆ ಏನೋ ಒಂದು ಉತ್ತರ ಕಟ್ಟಿ ಹೇಳುವುದಕ್ಕಿಂತ ಕೇಳಿ ಹೇಳುತ್ತೇನೆ ಎನ್ನುವುದು ಸತ್ಯವ್ರತಕ್ಕೂ ಒಪ್ಪುತ್ತದೆ.

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಅತಿಥಿ ಸಂವಿಭಾಗವೂ ಒಂದು. ತಿಥಿಯನ್ನು ನಿಗದಿ ಮಾಡದೆ ಆಹಾರಕ್ಕೆ ಬರುವ ಸಂಯಮಿಗಳೇ ಅಲ್ಲಿ ಮುಖ್ಯವಾಗಿ ಅತಿಥಿಗಳು. ಮದುವೆಗೆ ಬರುವವರು ತಿಥಿ ನೋಡಿಯೇ ಬರುತ್ತಾರೆ, ಆ ಅರ್ಥದ ಅತಿಥಿಗಳಲ್ಲ. ಆದರೂ ಸಂವಿಭಾಗ ಎಂಬ ಪದದಲ್ಲಿ ತನ್ನಲ್ಲಿರುವುದನ್ನು ಸರಿಯಾಗಿ ಹಂಚಿಕೊಳ್ಳುವುದು ಎಂಬ ಭಾವ ಇದೆ. ಅನ್ನವನ್ನು ಹಂಚುವ ಮನೆ ಅರ್ಥವನ್ನೂ ಹಂಚಿದರೆ, ಬಂದವರು ಊರಿಗೆ ಮರಳಿ ತಮ್ಮವರಿಗೆ ತೋರಿಸಲು ಫೋಟೋಗಳ ಜೊತೆಗೆ ಹೇಳಲು ಏಳು ಹೆಸರುಗಳನ್ನೂ ಒಯ್ಯುತ್ತಾರೆ.